ನನ್ನ ಎಡಗೈಯೂ ಅವರ ಹೆಬ್ಬೆರಳೂ

ನಾನು ಬಿದ್ದದ್ದು ಒಂದು ಕುರುಂಬೆಯ ಮೇಲೆ ಕಾಲಿಟ್ಟು. ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದು, ಕಾಯಾಗುವ ಮೊದಲೇ ಮರದಿಂದ ಉದುರಿದ ತೆಂಗಿನ ಮಿಡಿ. ಹುಟ್ಟಿದಾಗಿನಿಂದ ತೆಂಗಿನ ಮರದ ಕೆಳಗೇ ಓಡಾಡಿದವಳು ನಾನು. ತಲೆ ಮೇಲೆ ಒಂದು ದಿನವೂ ಕಾಯಿ ಬೀಳಲಿಲ್ಲ, ಗರಿ ಬೀಳಲಿಲ್ಲ. ಕೊನೆಗೆ ನಾನೇ ಹೋಗಿ ಮಿಡಿಯ ಮೇಲೆ ಬಿದ್ದೆ. ಎಮ್ಮೆಗೆ ನೀರು ತೋರಿಸಿ ಹಿತ್ತಿಲಿಂದ ಬರುತ್ತಿದ್ದೆ, ಕಾಲಡಿ ಏನೋ ಉರುಳಿತು, ಆಮೇಲೆ ಆಕಾಶ ಕಾಣಿಸಿತು. ಎಡಗೈ ಮೈಯಡಿ ಸಿಕ್ಕಿಕೊಂಡಿತ್ತು.

ಕೂಗಿಕೊಂಡೆ. ಯಜಮಾನರು ತೋಟದ ಆ ಮೂಲೆಯಿಂದ ಓಡಿ ಬಂದರು. ಬಂದವರು ನನ್ನನ್ನು ನೋಡಿದರು, ಕುರುಂಬೆಯನ್ನು ನೋಡಿದರು, ಕುರುಂಬೆಯನ್ನು ಎತ್ತಿಕೊಂಡು ಕತ್ತು ಮೇಲೆ ಮಾಡಿದರು.

"ಯಾವ ಮರದ್ದೇ ಇದು? ಹಿಂಗೆ ಉದುರುಸ್ತಾ ಕೂತ್ರೆ ಮುಂದಕ್ಕೆ ಕಾಯಿ ಎಲ್ಲೈತೆ?"

"ನನ್ ಕೈ ಮುರ್ದೋಯ್ತು ಕಣ್ರೀ!"

"ಹ್ಞಾ?" ಎಂದು ಆಗ ನನ್ನ ಕಡೆ ಬಗ್ಗಿದರು. ಬಗ್ಗುವಾಗಲೂ ಆ ಮಿಡಿಯನ್ನು ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಇಂಥವರ ಜೊತೆ ನನ್ನ ಸಂಸಾರ.

ಮುರಿದಿತ್ತು. ತುರುವೇಕೆರೆಯಲ್ಲಿ ಪ್ಲಾಸ್ಟರು ಹಾಕಿದರು. ಬಿಚ್ಚಿದ ದಿನ ಒಳಗಿಂದ ಹೊರಬಂದ ಕೈ ಬೇರೆ ಯಾರದ್ದೋ ಅನ್ನಿಸಿತು. ಬಣ್ಣ ಹೋಗಿತ್ತು, ಮಾಂಸ ಹೋಗಿತ್ತು, ಬಳೆ ಹಾಕಿದರೆ ಮೊಣಕೈವರೆಗೂ ಸರಾಗ ಜಾರುತ್ತಿತ್ತು. ಮೂಳೆ ಕೂಡಿದೆ ಎಂದರು. ಕೂಡಿತ್ತು, ಸರಿ. ತಿರುಗುತ್ತಿರಲಿಲ್ಲ. ಅಂಗೈ ಮೇಲೆ ಮಾಡಲು ಹೋದರೆ ಅರ್ಧಕ್ಕೇ ನಿಂತು, ಎದುರಿಗೆ ಬಂದವರಿಗೆಲ್ಲ ಷೇಕ್‌ಹ್ಯಾಂಡ್ ಕೊಡುವಂತೆ ಕಾಣುತ್ತಿತ್ತು. ಪೂಜೆಗೆ ಕೂತರೆ ಎಡ ಅಂಗೈಯಲ್ಲಿ ಲಿಂಗ ಕೂರಿಸುವಂತಿಲ್ಲ. ಬಟ್ಟಲಲ್ಲಿಟ್ಟು ಪೂಜೆ ಮಾಡಿ, "ತಪ್ಪು ತಿಳೀಬ್ಯಾಡಪ್ಪ ಶಿವನೇ, ಕೈ ಬರೋಗಂಟ ಹಿಂಗೇ ಸುಧಾರಿಸ್ಕೋ" ಎಂದು ಹೇಳಿದೆ. ಶಿವನೇನೋ ಸುಧಾರಿಸಿಕೊಂಡ. ಬೀಗಿತ್ತಿ ಸುಧಾರಿಸಿಕೊಳ್ಳಬೇಕಲ್ಲ!

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ, ಹುಳಿಯಾರಿನವರು. ಮಗಳು ಆಗ ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನದು. ಅದನ್ನು ಬಿಟ್ಟುಕೊಟ್ಟ ತಾಯಿಯನ್ನು ನಾನಂತೂ ಕಂಡಿಲ್ಲ. ಬಾಣಂತನದಲ್ಲಿ ಅಡುಗೆಯನ್ನು ಯಾರು ಬೇಕಾದರೂ ಮಾಡಬಹುದು, ಮಗುವಿಗೆ ಎರೆಯುವುದು ಮಾತ್ರ ಅಜ್ಜಿಯ ಕೆಲಸ. ಮಣೆ ಮೇಲೆ ಕೂತು ಎರಡೂ ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತೀಡಿ, ಬಿಸಿನೀರು ಹುಯ್ಯಬೇಕು. ಬಲಗೈ ನೀರಿಗೆ. ಕೂಸಿನ ತಲೆ ಎಡ ಅಂಗೈ ಮೇಲೆ. ಅಂಗೈಯೇ ಮೇಲಕ್ಕೆ ತಿರುಗದಿದ್ದರೆ ತಲೆ ಎಲ್ಲಿ ಇಡಲಿ?

ಬೀಗಿತ್ತಿಗೆ ಸುದ್ದಿ ಮುಟ್ಟಿತು. ಫೋನು ಮಾಡಿದರು. "ಪಾಪ, ನಿಮಗ್ಯಾಕೆ ಬೀಗ್ತೀರೆ ಈ ತಾಪತ್ರಯ? ಕೈ ನೆಟ್ಟಗಾಗ್ನಿಲ್ಲ ಅಂದ್ರೆ ಬಾಣಂತನ ನಾವೇ ಮಾಡ್ಕತೀವಿ ಬುಡಿ" ಎಂದರು. ಆ "ಪಾಪ" ಅಂದ ರಾಗ ಕೇಳಿ ಮೈಯೆಲ್ಲ ಉರಿದುಹೋಯಿತು. "ಹೆರಿಗೆ ಹೊತ್ಗೆ ಸರಿಹೋಗುತ್ತೆ, ನೀವು ಚಿಂತೆ ಮಾಡ್ಬ್ಯಾಡಿ" ಎಂದು ಫೋನಿಟ್ಟೆ. ಇಟ್ಟ ಮೇಲೆ ಕೈ ನೋಡಿಕೊಂಡೆ. ಅದು ಇನ್ನೂ ಷೇಕ್‌ಹ್ಯಾಂಡ್ ಕೊಡುತ್ತಲೇ ಇತ್ತು.

ತಿಪಟೂರಿನಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಹತ್ತಿರ ಹೋದೆವು. ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಮುಂಗೈಗೆ ಎಣ್ಣೆ ಹಚ್ಚಿ, ಮಣಿಕಟ್ಟಿನಿಂದ ಮೊಣಕೈ ಕಡೆಗೆ ಎರಡು ಹೆಬ್ಬೆರಳಲ್ಲಿ ನಿಧಾನಕ್ಕೆ ಒತ್ತುತ್ತ ಹೋದಳು. ಒಳಗೆಲ್ಲೋ ಗಂಟು ಕಟ್ಟಿದ್ದು ಸಡಿಲವಾದಂತೆ ಆಯಿತು. ಆಮೇಲೆ ಮೊಣಕೈಯನ್ನು ಸೊಂಟಕ್ಕೆ ಆನಿಸಿ, ಅಂಗೈಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

"ಮನೇಲಿ ಬೆಳಿಗ್ಗೆ ಸಂಜೆ ಯಾರಾದ್ರೂ ಹೀಗೇ ಮಾಡ್ಬೇಕಮ್ಮ. ಯಾರಿದಾರೆ ಮನೇಲಿ?"

"ಎಮ್ಮೆ ಐತೆ, ಇವರವ್ರೆ."

"ಹಾಗಾದ್ರೆ ಇವರೇ ಮಾಡ್ಲಿ."

ಯಜಮಾನರು ಹಿಂದೆ ತಿರುಗಿ ನೋಡಿದರು, "ಇವರು" ಯಾರು ಅಂತ. ಅವರ ಹಿಂದೆ ಗೋಡೆ ಇತ್ತು.

ನಮ್ಮ ಮದುವೆಯಲ್ಲಿ ಐನೋರು ಹೇಳಿದರೆಂದು ಈ ಮನುಷ್ಯ ನನ್ನ ಕೈ ಹಿಡಿದದ್ದು. ಅದಾದ ಮೇಲೆ ನಾಲ್ಕು ಜನರ ಎದುರಿಗೆ ಹಿಡಿದದ್ದೇ ಇಲ್ಲ. ಜಾತ್ರೆಯ ಗದ್ದಲದಲ್ಲೂ ಹಿಡಿದವರಲ್ಲ, ನಾನು ತಪ್ಪಿಸಿಕೊಂಡ ಮೇಲೆ ಹುಡುಕಿದವರು. ಅವರ ಕೈಯಾದರೂ ಎಂಥದ್ದು! ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ ಒಂದು ಸಲ ತಿರುಚಿದರೆ ಮಟ್ಟೆ ಒಂದು ಕಡೆ, ಕಾಯಿ ಒಂದು ಕಡೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿ ಅಂಗೈ ತೆಂಗಿನ ಕಾಂಡದ ಹಾಗಾಗಿತ್ತು. ಆ ಕೈಗೆ ನನ್ನ ಕಡ್ಡಿಯಂಥ ಕೈ ಒಪ್ಪಿಸಬೇಕು.

ಮೊದಲು ಎಣ್ಣೆಯ ಜಗಳ. ನಾನು ಹರಳೆಣ್ಣೆ ತನ್ನಿ, ಕೊಬ್ಬರಿ ಎಣ್ಣೆ ತಂಪು, ಕೈ ಇನ್ನಷ್ಟು ಬಿಗಿಯುತ್ತೆ ಅಂದೆ. ಅವರು ಕೆರಳಿದರು. "ತಿಪಟೂರು ಸೀಮೇಲಿ ತ್ವಾಟ ಇಟ್ಕಂಡು ಅಂಗ್ಡಿಯಿಂದ ಹರಳೆಣ್ಣೆ ತಂದ್ರೆ, ಕೊಬ್ರಿ ಮಂಡಿಯೋರು ನನ್ನ ಒಳಕ್ಕೆ ಬುಡ್ತಾರೇನೇ? ನಮ್ ಕಾಯಿ ನಮ್ ಎಣ್ಣೆ. ಇದಕ್ಕೆ ತಿರುಗ್ದಿದ್ ಕೈ ಯಾವುದಕ್ಕೂ ತಿರುಗಲ್ಲ." ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಯಾವ ಎಣ್ಣೆಯಾದರೂ ಸರಿ, ಬೆರಳು ಜಾರಿದರೆ ಸಾಕು ಎಂದಳು. ನಾನು ಸೋತೆ.

ಮೊದಲನೇ ದಿನ ಅವರು ಬಾಗಿಲು ಹಾಕಿದರು. ಹಗಲು ಹೊತ್ತು! ನನ್ನ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, ಎಣ್ಣೆ ಸುರಿದು, ಹಿಡಿದು ಒಂದು ತಿರುಚು ತಿರುಚಿದರು. ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯಲ್ಲಿ ಎಮ್ಮೆ ಓಗೊಟ್ಟಿತು.

"ಕಾಯಲ್ಲ ಕಣ್ರೀ ಇದು, ಕೈ!"

"ಗೊತ್ತು ಸುಮ್ನಿರೇ. ಊರಿಗೆಲ್ಲ ಕೇಳುಸ್ಬ್ಯಾಡ."

ಊರಿಗೆ ಆಗಲೇ ಕೇಳಿಸಿತ್ತು. ಎದುರುಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳುವ ನೆವ ಮಾಡಿಕೊಂಡು ಬಂದು ಕದ ತಟ್ಟಿದಳು. ಇವರು ಎಣ್ಣೆ ಕೈಯಲ್ಲೇ ಹೋಗಿ ಕದ ತೆಗೆದರು. ಅವಳು ಇವರ ಕೈ ನೋಡಿದಳು, ನನ್ನ ಕೆಂಪಾದ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಮಜ್ಜಿಗೆ ಮರೆತು ಹೊರಟೇಹೋದಳು. ಸಂಜೆ ಹಾಲಿನ ಡೈರಿಗೆ ಹೋದ ಯಜಮಾನರನ್ನು ಗಂಡಸರು ಹಿಡಿದುಕೊಂಡರಂತೆ. "ಏನ್ ಯಜಮಾನ್ರೇ, ವಯಸ್ಸಾದ್ಮ್ಯಾಲೆ ಹಗಲೊತ್ತೇ ಕದ ಹಾಕ್ಕತೀರಂತೆ?" ಇವರು ಕ್ಯಾನು ಹಿಡಿದುಕೊಂಡು ಧುಮುಗುಟ್ಟುತ್ತ ಬಂದರು.

ಇನ್ನು ಮುಗಿಯಿತು, ಈ ಮನುಷ್ಯ ನನ್ನ ಕೈ ಮುಟ್ಟುವುದಿಲ್ಲ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ನೋಡಿದರೆ ಚಾಪೆಯನ್ನು ಹೊರಗೆ ಜಗಲಿ ಮೇಲೆ ಹಾಸುತ್ತಿದ್ದಾರೆ. "ಕದ ಹಾಕಿದ್ರೆ ತಾನೇ ಕತೆ ಕಟ್ಟೋದು? ಬಾ ಇಲ್ಲಿ ಕೂತ್ಕ. ನೋಡೋರೆಲ್ಲ ನೋಡ್ಕಳ್ಳಿ." ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾಯಸಂದ್ರದ ಬಸ್ಸಿಗೆ ಹೋಗುವವರೆಲ್ಲ ನಮ್ಮ ಜಗಲಿ ಮುಂದೆಯೇ ಹೋಗಬೇಕು. ಹೋಗುವವರು ನಿಂತರು, ನೋಡಿದರು, ಸಲಹೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ನಗೆಯೆಲ್ಲ ಹೋಗಿ ಜನ ತಮ್ಮ ತಮ್ಮ ಕೈಕಾಲು ತರಲು ಶುರುಮಾಡಿದರು. ಒಬ್ಬಳು ಮುದುಕಿ ಭುಜ ತಂದಳು, ಇನ್ನೊಬ್ಬರು ಮಂಡಿ ತಂದರು. "ಇದೇನು ಧರ್ಮಾಸ್ಪತ್ರೆನಾ? ನಡೀರಿ ನಡೀರಿ" ಎಂದು ಇವರು ಗದರುತ್ತಿದ್ದರೂ ಒಳಗೊಳಗೇ ಖುಷಿ ಇತ್ತು. ನನಗೆ ಗೊತ್ತಾಗುವುದಿಲ್ಲವೇ?

ಆ ಖುಷಿಯೇ ತಲೆಗೇರಿತು. ಹಿಡಿತ ಗಟ್ಟಿಯಾಗಲು ಮೆತ್ತನೆಯ ರಬ್ಬರ್ ಚೆಂಡು ಹಿಂಡಬೇಕೆಂದು ಡಾಕ್ಟರಮ್ಮ ಹೇಳಿದ್ದಳು. "ಚೆಂಡು ಆಡೋಕೆ ನೀನೇನು ಹಸುಗೂಸಾ?" ಎಂದು ಇವರು ಅಟ್ಟಕ್ಕೆ ಹತ್ತಿದರು. ನಮ್ಮಲ್ಲಿ ಕಾಯಿಗಳನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಲು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಹಾಗೆ ಒಣಗಿದ್ದನ್ನು ಒಂದು ಗೀರೂ ಬೀಳದಂತೆ ಚಿಪ್ಪು ಒಡೆದು ಇಡಿಯಾದ ಉಂಡೆ ತೆಗೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಅಂಥದ್ದೊಂದು ಉಂಡೆ ಕೊಬ್ಬರಿ ತೆಗೆದು ನನ್ನ ಕೈಗಿಟ್ಟರು. "ಹಿಂಡು. ರಬ್ಬರು ಹಿಂಡಿದ್ರೆ ರಬ್ಬರಿನಷ್ಟು ಶಕ್ತಿ ಬತ್ತದೆ, ಕೊಬ್ರಿ ಹಿಂಡಿದ್ರೆ ಕೊಬ್ರಿಯಷ್ಟು."

ನನಗೂ ಬುದ್ಧಿ ಬೇಡವೇ? ಬೀಗಿತ್ತಿಯ "ಪಾಪ" ನೆನಪಿಸಿಕೊಂಡು ಹಿಂಡಿದೆ, ಹಿಂಡಿದೆ. ಕೊಬ್ಬರಿ ಜಗ್ಗಲಿಲ್ಲ. ಎರಡು ದಿನಕ್ಕೆ ಕೈ ಊದಿ, ಬೆರಳು ಮಡಿಸಲೂ ಆಗದೆ ಹೋಯಿತು.

ಡಾಕ್ಟರಮ್ಮನ ಮುಂದೆ ನಿಂತಾಗ ಯಜಮಾನರು ಸೂರು ನೋಡುತ್ತಿದ್ದರು. "ಏನ್ ಹಿಂಡಿದ್ರಿ?" ನಾನು ಯಜಮಾನರ ಕಡೆ ನೋಡಿದೆ. ಅವರೇ ಸಣ್ಣ ದನಿಯಲ್ಲಿ, "ಕೊಬ್ರಿ" ಎಂದರು. "ತುರಿದಿದ್ದಾ?" "ಇಲ್ಲ. ಉಂಡೆ." ಆ ಹುಡುಗಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, "ಯಜಮಾನ್ರೇ, ಅದನ್ನ ನೀವೇ ಒಂದ್ಸಲ ಹಿಂಡಿ ತೋರ್ಸಿ" ಎಂದಳು. ಊತ ಇಳಿಯುವವರೆಗೆ ಕೈ ಮುಟ್ಟಲೇಬಾರದೆಂದು ಹೇಳಿ ಕಳಿಸಿದಳು.

ಅದೇ ಹೊತ್ತಿಗೆ ಬೀಗಿತ್ತಿ ಮತ್ತೆ ಫೋನು ಮಾಡಿದರು. ಈ ಸಲ "ಪಾಪ" ಇರಲಿಲ್ಲ. ಹಂಡೆ ತಿಕ್ಕಿಸಿಟ್ಟಿದ್ದೇವೆ, ಸಾಂಬ್ರಾಣಿ ತಂದಿದ್ದೇವೆ, ಹುಡುಗಿ ಇಲ್ಲೇ ಇರಲಿ ಎಂದರು. ಮಗಳಿಗೆ ಫೋನು ಕೊಡಿ ಅಂದೆ. "ಏನೇ, ನೀನೇನಂತೀಯ?" ಅವಳು "ಅಮ್ಮಾ, ನೀರಲ್ಲಿ ಮಗು ಜಾರ್ಬುಟ್ರೆ ಏನ್ ಮಾಡ್ತೀಯಮ್ಮ?" ಎಂದಳು. ಅವಳ ದನಿಯಲ್ಲಿ ಹೆದರಿಕೆ ಇತ್ತು. ತಪ್ಪೇನಿಲ್ಲ, ನನಗೇ ಆ ಹೆದರಿಕೆ ಇತ್ತು. ಫೋನಿಟ್ಟು ಬಚ್ಚಲಿಗೆ ಹೋಗಿ ಅತ್ತೆ. ನನ್ನ ಮಗಳ ಮಗುವನ್ನು ನಾನು ಎತ್ತಿಕೊಳ್ಳಲಾರದವಳಾದೆನಲ್ಲ ಎಂದು ಗಟ್ಟಿಯಾಗಿಯೇ ಅತ್ತೆ.

ಯಜಮಾನರು ಬಚ್ಚಲ ಬಾಗಿಲಲ್ಲಿ ಬಂದು ನಿಂತರು. ಸಮಾಧಾನ ಮಾಡುವುದು ಅವರ ಜಾಯಮಾನದಲ್ಲೇ ಇಲ್ಲ. "ಅತ್ಬುಟ್ರೆ ಕೈ ತಿರುಗ್ತದಾ?" ಎಂದರು. ಆಮೇಲೆ, "ನಂಗೆ ಸರಿಯಾಗಿ ಬರಲ್ಲ ಕಣೇ. ಇನ್ನೊಂದ್ ಸಲ ಕಲ್ತ್ಕೊಂಡ್ ಬತ್ತೀನಿ ನಡಿ" ಎಂದರು. ತನಗೆ ಒಂದು ಕೆಲಸ ಬರುವುದಿಲ್ಲ ಎಂದು ಆ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಳು ನಿಂತೇ ಹೋಯಿತು.

ಊತ ಇಳಿದ ಮೇಲೆ ತಿಪಟೂರಿಗೆ ಹೋದಾಗ ಡಾಕ್ಟರಮ್ಮ ನನ್ನನ್ನು ಬಿಟ್ಟು ಅವರನ್ನು ಕೂರಿಸಿದಳು. "ಕೈ ಕೊಡಿ" ಎಂದು ಅವರ ಮುಂಗೈಗೇ ಎಣ್ಣೆ ಹಚ್ಚಿ ಒತ್ತತೊಡಗಿದಳು. ಇವರು ಮೊದಲು ಮರದ ಕೊರಡಿನಂತೆ ಬಿಗಿದುಕೊಂಡು ಕೂತರು. ಮೊಣಕೈ ಹತ್ತಿರ ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. "ಇಲ್ಲಿ ನೋವಿದ್ಯಲ್ಲ? ಎಷ್ಟು ವರ್ಷದಿಂದ?" ಅಲ್ಲಿ ನೋವಿದೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಅವಳು ಒತ್ತುತ್ತಿದ್ದಂತೆ ಅವರ ಕಣ್ಣು ಮುಚ್ಚಿತು, ಭುಜ ಇಳಿಯಿತು, ಬಾಯಿ ಒಂದಿಷ್ಟು ತೆರೆಯಿತು. ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ.

"ನೋಡಿ, ನೋವಿರೋ ಜಾಗಕ್ಕೆ ಹೋದಾಗ ನಿಲ್ಬೇಕು, ಅದು ತಾನಾಗಿ ಬಿಡೋವರೆಗೆ ಕಾಯ್ಬೇಕು" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿ ಕಡೆ ಮುಖ ಮಾಡಿಕೊಂಡೇ, "ನಿನ್ನ ಸುಲ್ದಾಕ್ಬುಟ್ಟಿದ್ನಲ್ಲೇ" ಎಂದರು. "ಹೋಗ್ಲಿ ಬುಡಿ" ಅಂದೆ.

ಆಮೇಲೆ ಅವರ ಹೆಬ್ಬೆರಳೇ ಬೇರೆಯಾಯಿತು. ಅಂಗೈಯ ಒರಟು ಹೋಗಲಿಲ್ಲ, ಅದು ಹೋಗುವಂಥದ್ದಲ್ಲ. ಆದರೆ ಬೆರಳು ಹುಡುಕುತ್ತ ಹೋಗಿ, ನಾನು ಉಸಿರು ಹಿಡಿದ ಕಡೆ ತಾನೂ ನಿಲ್ಲುತ್ತಿತ್ತು. ಹಿಂಡಲು ರಬ್ಬರ್ ಚೆಂಡೂ ಬೇಡ, ಕೊಬ್ಬರಿಯೂ ಬೇಡವೆಂದು ನಾನೇ ಒಂದು ದಾರಿ ಕಂಡುಕೊಂಡೆ: ಬಿಸಿ ಬಿಸಿ ರಾಗಿ ಮುದ್ದೆ. ಕೈ ತಡೆಯುವಷ್ಟು ಆರಿಸಿ ಹಿಂಡಿದರೆ ಶಾಖವೂ ಆಯಿತು, ವ್ಯಾಯಾಮವೂ ಆಯಿತು. ಹಿಂಡಿ ಮುಗಿಸಿದ್ದನ್ನು ಎಮ್ಮೆಗೆ ಹಾಕುತ್ತಿದ್ದೆ. ನನ್ನ ಕೈ ಮುರಿದದ್ದರಿಂದ ಲಾಭವಾದದ್ದು ಅದಕ್ಕೊಂದಕ್ಕೇ. ಕೈ ಎಷ್ಟು ತಿರುಗಿತೆಂದು ನೋಡಲು ಇವರು ದಿನಾ ಬೆಳಿಗ್ಗೆ ತಂಬಿಗೆಯಿಂದ ನನ್ನ ಅಂಗೈಗೆ ನೀರು ಹುಯ್ಯುತ್ತಿದ್ದರು. ಮೊದಮೊದಲು ಎಲ್ಲವೂ ಪಕ್ಕಕ್ಕೆ ಹರಿದುಹೋಗುತ್ತಿತ್ತು. ಒಂದು ದಿನ ಒಂದು ಗುಟುಕಿನಷ್ಟು ನಿಂತಿತು. ಇಬ್ಬರೂ ಆ ನೀರನ್ನು ಬಗ್ಗಿ ನೋಡಿದೆವು. ಅದರಲ್ಲಿ ಅವರ ಮೀಸೆ ಕಾಣುತ್ತಿತ್ತು.

ತಿರುಗುವುದು ಬಂತು, ಬಲ ಬರಬೇಕಿತ್ತು. ಇವರು ಕಾಯಿ ರಾಶಿಯಲ್ಲಿ ಹುಡುಕಿ ಹುಡುಕಿ ಒಂದು ಸುಲಿದ ಕಾಯಿ ತಂದರು. "ಕೂಸಿನ ತಲೆ ಇಷ್ಟಿರ್ತದೆ, ಅಲ್ವೇನೇ?" ಜುಟ್ಟು ಬಿಟ್ಟೇ ಸುಲಿದಿದ್ದರು. ಅದಕ್ಕೆ ಹಳೇ ಪಂಚೆ ಸುತ್ತಿ ಮೈ ಮಾಡಿದೆ. ಮಣೆ ಮೇಲೆ ಕೂತು, ಕಾಲು ನೀಡಿ, ಕಾಯಿಯ ತಲೆಯನ್ನು ಎಡ ಅಂಗೈಲಿಟ್ಟುಕೊಂಡು ಬಲಗೈಯಲ್ಲಿ ನೀರು ಹುಯ್ಯುವ ಅಭ್ಯಾಸ ಶುರುವಾಯಿತು. ಇವರು ಎದುರಿಗೆ ಕೂತು, "ಕಣ್ಣಿಗೆ ಸೋಪು ಹೋದಾತು ಕಣೇ, ಕಣ್ಣಿಗೆ!" ಎಂದು ಎಚ್ಚರಿಸುತ್ತಿದ್ದರು. ಕಾಯಿಗೆ ಕಣ್ಣು ಮೂರು. ಒಂದು ದಿನ ಎದುರುಮನೆಯಾಕೆ ಬಂದು ಬಚ್ಚಲಲ್ಲಿ ಇಣುಕಿ, "ಅಯ್ಯೋ ಶಿವನೇ, ಇಬ್ರಿಗೂ ಕೆಟ್ಟೋಯ್ತಾ?" ಎಂದಳು. ಅವತ್ತು ಕಾಯಿ ನನ್ನ ಕೈಯಿಂದ ಜಾರಿ ಬಚ್ಚಲ ಕಲ್ಲಿಗೆ ಬಿದ್ದು ಎರಡು ಹೋಳಾಯಿತು. ಅವಳು ನಕ್ಕಳು. ನಾವಿಬ್ಬರೂ ನಗಲಿಲ್ಲ.

ಕೊನೆಗೆ ಮಗಳು ನಮ್ಮಲ್ಲಿಗೇ ಬಂದಳು. ನನ್ನ ಅಂಗೈಲಿ ನಿಂತ ನೀರನ್ನು ಇವರು ಮೊಬೈಲಿನಲ್ಲಿ ವೀಡಿಯೋ ಮಾಡಿ ಕಳಿಸಿದ್ದರು, ಅದಕ್ಕೆ ಬಂದಳೋ, ತಾಯಿ ಬೇಕೆನಿಸಿ ಬಂದಳೋ ಕೇಳಲಿಲ್ಲ. ಹೆಣ್ಣುಮಗುವಾಯಿತು. ಗುಂಡುಗುಂಡಗಿತ್ತು. ಎರೆಯಲು ಶುರುಮಾಡುವ ದಿನ ಬೀಗಿತ್ತಿ ಹುಳಿಯಾರಿನಿಂದ ಮೊದಲನೇ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಒಂದು ಬಾಟಲಿ ಹರಳೆಣ್ಣೆ.

ಬಚ್ಚಲಲ್ಲಿ ಹಂಡೆ ಕಾದಿತ್ತು. ನಾನು ಮಣೆ ಮೇಲೆ ಕೂತು ಕಾಲು ನೀಡಿದೆ. ಮಗಳು ಬಾಗಿಲಲ್ಲಿ ತುಟಿ ಕಚ್ಚಿಕೊಂಡು ನಿಂತಳು. ಬೀಗಿತ್ತಿ ನನ್ನ ಪಕ್ಕದಲ್ಲೇ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೂಸನ್ನು ಕಾಲ ಮೇಲೆ ಮಲಗಿಸಿ, ಎಡಗೈಯನ್ನು ಅದರ ಕತ್ತಿನಡಿ ತೂರಿಸಿದೆ. ಅಂಗೈ ತಿರುಗಿತು. ತಲೆ ಬಂದು ಕೂತಿತು. ಎಣ್ಣೆ ತೀಡಿದೆ, ಸರಿಯಾಗಿತ್ತು. ನೀರು ಬಿದ್ದು ಮೈ ಒದ್ದೆಯಾಗಿ, ಕೂಸು ಕಿರುಚಿ ಸೆಟೆದುಕೊಂಡಿತು ನೋಡಿ, ನನ್ನ ಮಣಿಕಟ್ಟು ಗಡಗಡ ನಡುಗತೊಡಗಿತು. ಕಾಯಿ ಸೆಟೆದುಕೊಳ್ಳುವುದಿಲ್ಲ. ಅದನ್ನು ನಾವು ಯೋಚಿಸಿಯೇ ಇರಲಿಲ್ಲ.

"ಬುಡಿ ಬೀಗ್ತೀರೆ, ಕೊಡಿ ಇಲ್ಲಿ" ಎಂದು ಬೀಗಿತ್ತಿ ಕೈ ಚಾಚಿದರು. ಮಗಳೂ ಒಂದು ಹೆಜ್ಜೆ ಒಳಗಿಟ್ಟಳು. ಕೊಟ್ಟುಬಿಡಬೇಕು, ಹಟ ಮಾಡುವ ವಿಷಯವಲ್ಲ ಇದು ಅನ್ನಿಸಿತು.

ಅಷ್ಟರಲ್ಲಿ ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ನುಗ್ಗಿದರು. ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕೂಸಿನ ತಲೆ ಹಿಡಿದಿದ್ದ ನನ್ನ ಕೈಯಡಿಗೆ ತಮ್ಮ ಕೈ ಕೊಟ್ಟರು. ಹೆಬ್ಬೆರಳು ನನ್ನ ಮುಂಗೈ ಮೇಲೆ ಬಂದು ನಡುಗುವ ಕಡೆಯೇ ನಿಂತಿತು.

ಬೀಗಿತ್ತಿ ಬೆಚ್ಚಿಬಿದ್ದರು. "ಇದೇನ್ ಬೀಗ್ರೇ! ಮಗೀಗೆ ಎರಿಯೋ ತಾವಕ್ಕೆ ಗಂಡಸ್ರು ಬತ್ತಾರಾ?"

"ನಾನು ಮಗೀಗೆ ಬಂದಿಲ್ಲ ಕಣಮ್ಮ" ಎಂದರು ಇವರು ತಲೆಯೆತ್ತದೆ. "ನನ್ ಪೇಷೆಂಟಿಗೆ ಬಂದಿವ್ನಿ."

ಮಗಳು ಪಕ್ಕನೆ ನಕ್ಕುಬಿಟ್ಟಳು. ಬೀಗಿತ್ತಿ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದರು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು, ಹೊಗೆ ಅಂದುಕೊಂಡಿರಬೇಕು ಅವರೆಲ್ಲ. ಬೆರಳು ಒತ್ತಲಿಲ್ಲ, ತಿರುಚಲಿಲ್ಲ, ಸುಮ್ಮನೆ ಕಾಯುತ್ತ ಕೂತಿತು. ನಡುಕ ಸಣ್ಣದಾಯಿತು, ಆಮೇಲೆ ನಿಂತಿತು. ಕೂಸೂ ಕಿರುಚುವುದು ಬಿಟ್ಟು ಇವರ ಮೀಸೆಯನ್ನೇ ನೋಡತೊಡಗಿತು.

"ಇನ್ ಬುಡಿ, ನಾನ್ ಹಿಡ್ಕತೀನಿ" ಅಂದೆ.

"ಹಿಡ್ಕಂಡಿದೀಯಾ?"

"ಹ್ಞೂಂ."

ಅವರು ಒಂದೊಂದೇ ಬೆರಳು ತೆಗೆದರು. ಕೈ ಪೂರ್ತಿ ತೆಗೆದ ಮೇಲೂ ಕೂಸಿನ ತಲೆ ನನ್ನ ಅಂಗೈ ಮೇಲೆ ಅಲ್ಲಾಡದೆ ಇತ್ತು. ಬೀಗಿತ್ತಿ ನೋಡಿದರು. ನನ್ನ ಬಲಗೈಯಲ್ಲಿದ್ದ ಚೊಂಬು ಇಸಿದುಕೊಂಡು, ಹಂಡೆಯಿಂದ ನೀರು ಮೊಗೆದು, ಬೆರಳದ್ದಿ ಬಿಸಿ ನೋಡಿದರು.

"ತಲೆ ನೀವು ಹಿಡ್ಕಳಿ ಬೀಗ್ತೀರೆ, ನೀರು ನಾ ಹುಯ್ತೀನಿ" ಎಂದರು.